ಫ್ರೀಬಿಎಸ್‌ಡಿ ರಿಲೀಸ್ ಬಿಲ್ಡ್ ರಾತ್ರಿಯೆಲ್ಲಾ ಓಡ್ತಿದೆಯಾ? ಬೇಗ ಮುಗಿಸುವ ದಾರಿ ಇಲ್ಲಿದೆ

ಫ್ರೀಬಿಎಸ್‌ಡಿ ಅಂದರೆ ಲಿನಕ್ಸ್ ತರಹದ, ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್. ಅದರ ಸೋರ್ಸ್ ಕೋಡಿನಿಂದ, ಮಷೀನ್‌ಗೆ ಹಾಕಲು ಬರುವ ಇಮೇಜ್ ಫೈಲ್ ಕಟ್ಟುವುದೇ ರಿಲೀಸ್ ಬಿಲ್ಡ್. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಸರ್, ಫ್ರೀಬಿಎಸ್‌ಡಿ ಸೋರ್ಸ್ ಇಳಿಸಿಕೊಂಡು ನಮ್ಮದೇ ಇನ್‌ಸ್ಟಾಲ್ ಇಮೇಜ್ ಮಾಡೋಕೆ ಹೊರಟ್ವಿ. ರಾತ್ರಿ ಹಚ್ಚಿ ಮಲಗಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಇನ್ನೂ ಓಡ್ತಾನೇ ಇದೆ. ಬೇಗ ಮುಗಿಸೋಕೆ ಏನು ಮಾಡ್ಬೇಕು?" ವಿಟಿಯು ಕೊನೆಯ ವರ್ಷದ ಪ್ರಾಜೆಕ್ಟ್ ಸಮಯ ಬಂತೆಂದರೆ ಈ ಪ್ರಶ್ನೆ ಇನ್ನೂ ಜಾಸ್ತಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ನೀವು ಮಾಡುವ ಬಿಲ್ಡ್ ಎರಡು ತರಹದ್ದು. ಒಂದು, ದಿನಕ್ಕೆ ನಾಲ್ಕು ಸಲ ನಿಮಗಾಗಿ ಮಾಡಿಕೊಳ್ಳುವ ಬಿಲ್ಡ್. ಕೋಡ್ ಬದಲಾಯಿಸಿದ್ದೀರಿ, ಸರಿ ಇದೆಯಾ ಅಂತ ನೋಡಬೇಕು, ಅಷ್ಟೇ. ಇನ್ನೊಂದು, ಬೇರೆಯವರ ಕೈಗೆ ಕೊಡುವ ಬಿಲ್ಡ್. ಮೊದಲನೆಯದರಲ್ಲಿ ಎಷ್ಟು ಅಡ್ಡದಾರಿ ಬೇಕಾದರೂ ಹಿಡಿಯಿರಿ. ಎರಡನೆಯದರಲ್ಲಿ ಕೆಲವನ್ನಷ್ಟೇ ಹಿಡಿಯಬೇಕು. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಮುಕ್ಕಾಲು ಪಾಲು ತೊಂದರೆ ಬರುವುದು. ಹಾಗಾಗಿ ಪ್ರತಿ ಹಂತದಲ್ಲೂ ಅದು ಯಾವ ಬಿಲ್ಡ್‌ಗೆ ಸಲ್ಲುತ್ತದೆ ಅಂತ ಹೇಳುತ್ತಾ ಹೋಗುತ್ತೇನೆ.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿ. ವಿತ್, ವಿತೌಟ್ ಅಂತ ಶುರುವಾಗುವ ಆಯ್ಕೆಗಳೆಲ್ಲಾ ದೊಡ್ಡಕ್ಷರದಲ್ಲಿ ಇರಬೇಕು, ಪದಗಳ ನಡುವೆ ಅಂಡರ್‌ಸ್ಕೋರ್ ಬೇಕು.

ಏನೇನು ಬೇಕು

ಫ್ರೀಬಿಎಸ್‌ಡಿ ಹಾಕಿರುವ 64 ಬಿಟ್ ಮಷೀನ್ ಬೇಕು. ನಾಲ್ಕು ಕೋರ್ ಇದ್ದರೆ ನಡೆಯುತ್ತದೆ, ಎಂಟು ಇದ್ದರೆ ಒಳ್ಳೆಯದು. ರ‍್ಯಾಮ್ 16 ಜಿಬಿ ಇರಲಿ. 8 ಜಿಬಿ ಇದ್ದರೂ ಆಗುತ್ತದೆ, ಆದರೆ ಮೂರನೇ ಹಂತವನ್ನು ಎರಡು ಸಲ ಓದಿ. ಎಸ್‌ಎಸ್‌ಡಿಯಲ್ಲಿ 60ರಿಂದ 80 ಜಿಬಿ ಖಾಲಿ ಜಾಗ ಇಟ್ಟುಕೊಳ್ಳಿ.

ನಮ್ಮ ಕಡೆ ಇನ್ನೆರಡು ವಿಷಯ ನೋಡಿಕೊಳ್ಳಲೇಬೇಕು. ಒಂದು ಕರೆಂಟ್. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ರಾತ್ರಿ ಬಿಲ್ಡ್ ಹಚ್ಚಿ ಹೋಗಬೇಡಿ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಮಾಡುವವರು ಟಿಮಕ್ಸ್ ಒಳಗೆ ಓಡಿಸಿ. ಟಿಮಕ್ಸ್ ಅಂದರೆ ನಿಮ್ಮ ಸಂಪರ್ಕ ಕಡಿದರೂ ಒಳಗಿನ ಕೆಲಸ ನಿಲ್ಲದಂತೆ ಹಿಡಿದಿಡುವ ಪ್ರೋಗ್ರಾಂ. ಇನ್ನೊಂದು ಬಿಸಿಲು. ಬೆಳಗಾವಿಯವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಬಿಲ್ಡ್ ಹಚ್ಚಿದರೆ ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ನೀವು ಸೆಟ್ಟಿಂಗ್ ತಪ್ಪಾಯಿತೇನೋ ಅಂತ ತಲೆ ಕೆಡಿಸಿಕೊಂಡಿರುತ್ತೀರಿ. ಇಂಟೆಲ್ ಆದರೆ ಕೋರ್‌ಟೆಂಪ್, ಎಎಂಡಿ ಆದರೆ ಎಎಂಡಿಟೆಂಪ್ ಎಂಬ ಕರ್ನಲ್ ಮಾಡ್ಯೂಲ್ ಲೋಡ್ ಮಾಡಿ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಮಾಡ್ಯೂಲ್ ಅಂದರೆ ಅದಕ್ಕೆ ಬೇಕಾದಾಗ ಸೇರಿಸುವ ತುಂಡು. ಆಮೇಲೆ ಸಿಸ್‌ಸಿಟಿಎಲ್ ಕಮಾಂಡ್‌ನಲ್ಲಿ ಕೋರ್‌ಗಳ ಉಷ್ಣತೆ ಕಾಣುತ್ತದೆ. 90 ಡಿಗ್ರಿ ಹತ್ತಿರ ನಿಂತಿದ್ದರೆ ಮೊದಲು ಫ್ಯಾನಿನ ಧೂಳು ತೆಗೆಯಿರಿ, ಆಮೇಲೆ ಈ ಲೇಖನ ಓದಿ. ಬೆಳಗಿನ ಜಾವದ ಬಿಲ್ಡ್ ನಿಜವಾಗಿಯೂ ಬೇಗ ಮುಗಿಯುತ್ತದೆ.

ಹಂತ 1: ಸೋರ್ಸ್ ಸರಿಯಾಗಿ ಇಳಿಸಿ

ಫ್ರೀಬಿಎಸ್‌ಡಿ ಸೋರ್ಸ್ 2020ರ ಕೊನೆಯಿಂದ ಗಿಟ್‌ನಲ್ಲಿದೆ. ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ ವ್ಯವಸ್ಥೆ, ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಮೂರು ಬಗೆಯ ಕವಲುಗಳು (ಬ್ರಾಂಚ್) ಇವೆ. ಮೇನ್ ಎಂಬುದರಲ್ಲಿ ಹೊಸ ಕೆಲಸ ನಡೆಯುತ್ತದೆ. ಸ್ಟೇಬಲ್/14 ತರಹದ್ದರಲ್ಲಿ ಪರೀಕ್ಷೆಯಾದ ಬದಲಾವಣೆಗಳು ಬಂದು ಸೇರುತ್ತವೆ. ರಿಲೆಂಗ್/14.3 ತರಹದ್ದು ಬಿಡುಗಡೆಯಾದ ಆವೃತ್ತಿ, ಅದಕ್ಕೆ ಭದ್ರತಾ ತಿದ್ದುಪಡಿ ಮತ್ತು ತೀರಾ ಅಗತ್ಯವಾದ ದುರಸ್ತಿ ಮಾತ್ರ ಬರುತ್ತವೆ. ಮೊದಲ ಸಲ ಮಾಡುವವರು ರಿಲೆಂಗ್ ಕವಲನ್ನೇ ಹಿಡಿಯಿರಿ.

ಪೂರ್ತಿ ಇತಿಹಾಸ ಸಮೇತ ಇಳಿಸಿದರೆ ಜಿಬಿಗಟ್ಟಲೆ ಆಗುತ್ತದೆ. ಗಿಟ್ ಕ್ಲೋನ್ ಕೊಡುವಾಗ ಡೆಪ್ತ್ 1 ಅಂತ ಸೇರಿಸಿದರೆ ಇವತ್ತಿನ ಪ್ರತಿ ಮಾತ್ರ ಬರುತ್ತದೆ, ಬೇಗ ಇಳಿಯುತ್ತದೆ. ಒಂದು ವ್ಯತ್ಯಾಸ ಗೊತ್ತಿರಲಿ. ಹೀಗೆ ಇಳಿಸಿದ ಸೋರ್ಸ್‌ನಿಂದ ಕಟ್ಟಿದ ಕರ್ನಲ್‌ನ ಆವೃತ್ತಿ ಸಾಲಿನಲ್ಲಿ ಕಮಿಟ್ ಎಣಿಕೆ ಇರುವುದಿಲ್ಲ, ಯಾಕಂದ್ರೆ ಎಣಿಸಲು ಇತಿಹಾಸವೇ ಇಲ್ಲ. ದಿನದ ಬಿಲ್ಡ್‌ಗೆ ಅದರಿಂದ ಏನೂ ತೊಂದರೆ ಇಲ್ಲ. ಬೇರೆಯವರಿಗೆ ಕೊಡುವುದಾದರೆ ಪೂರ್ತಿ ಕ್ಲೋನ್ ಇರಲಿ.

ಲ್ಯಾಬ್‌ನಲ್ಲಿ ಹತ್ತು ಜನ ಇದ್ದೀರಾ? ಹತ್ತೂ ಜನ ಇಂಟರ್ನೆಟ್‌ನಿಂದ ಇಳಿಸಬೇಡಿ. ಒಬ್ಬರು ಇಳಿಸಲಿ, ಉಳಿದವರು ಆ ಮಷೀನ್‌ನಿಂದ ಲೋಕಲ್ ನೆಟ್‌ವರ್ಕ್ ಮೂಲಕ ಕ್ಲೋನ್ ಮಾಡಿಕೊಳ್ಳಲಿ.

ಹಂತ 2: ಸಮಯ ಎಲ್ಲಿ ಹೋಗ್ತಿದೆ, ಮೊದಲು ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ನೀವು ಮಾಡಿ. ಯಾವ ಸೆಟ್ಟಿಂಗೂ ಬದಲಾಯಿಸದೆ ಒಮ್ಮೆ ಪೂರ್ತಿ ಬಿಲ್ಡ್ ಓಡಿಸಿ, ಪರದೆಯ ಮೇಲೆ ಬರುವುದನ್ನೆಲ್ಲಾ ಸ್ಕ್ರಿಪ್ಟ್ ಕಮಾಂಡ್‌ನಿಂದ ಒಂದು ಫೈಲ್‌ಗೆ ಹಿಡಿದಿಡಿ.

ರಿಲೀಸ್ ಆಗಬೇಕಾದರೆ ಮೂರು ದೊಡ್ಡ ಕೆಲಸ ನಡೆಯುತ್ತವೆ. ಬಿಲ್ಡ್‌ವರ್ಲ್ಡ್ ಅಂದರೆ ಕರ್ನಲ್ ಬಿಟ್ಟು ಉಳಿದ ಇಡೀ ವ್ಯವಸ್ಥೆ: ಲೈಬ್ರರಿಗಳು, ಕಂಪೈಲರ್ (ಕೋಡನ್ನು ಮಷೀನ್‌ಗೆ ತಿಳಿಯುವ ರೂಪಕ್ಕೆ ತರುವ ಪ್ರೋಗ್ರಾಂ), ಎಲ್‌ಎಸ್, ಸಿಪಿಯಿಂದ ಹಿಡಿದು ಎಲ್ಲಾ ಕಮಾಂಡ್‌ಗಳು. ಬಿಲ್ಡ್‌ಕರ್ನಲ್ ಅಂದರೆ ಕರ್ನಲ್ ಮತ್ತು ಅದರ ಮಾಡ್ಯೂಲ್‌ಗಳು. ಕೊನೆಗೆ ರಿಲೀಸ್ ಹಂತ. ಅದರಲ್ಲಿ ಕಟ್ಟಿದ್ದನ್ನೆಲ್ಲಾ ಒತ್ತಿ ಗಂಟು ಕಟ್ಟಿ, ಐಎಸ್‌ಒ ಮತ್ತು ಪೆನ್‌ಡ್ರೈವ್ ಇಮೇಜ್ ಮಾಡುತ್ತಾರೆ.

ಬಿಲ್ಡ್‌ವರ್ಲ್ಡ್ ಓಡುವಾಗ ಮೂರು ಬಾಣದ ಗುರುತಿನ ಮುಂದೆ ಸ್ಟೇಜ್ ಸಂಖ್ಯೆ ಬರುತ್ತಾ ಹೋಗುತ್ತದೆ. ಸ್ಟೇಜ್ 3 ಕ್ರಾಸ್ ಟೂಲ್ಸ್ (ಕಟ್ಟುವ ಕೆಲಸಕ್ಕೇ ಬೇಕಾದ ಕಂಪೈಲರ್ ಮುಂತಾದ ಉಪಕರಣಗಳು), ಸ್ಟೇಜ್ 4.2 ಲೈಬ್ರರಿಗಳು. ಮುಗಿದಾಗ ಕೊನೆಯಲ್ಲಿ "ವರ್ಲ್ಡ್ ಬಿಲ್ಟ್ ಇನ್" ಅಂತ ಒಂದು ಸಾಲು ಬರುತ್ತದೆ. ಎಷ್ಟು ಸೆಕೆಂಡ್ ಆಯಿತು, ಎಷ್ಟು ಸಿಪಿಯು ಇತ್ತು, ಎಷ್ಟು ಕೆಲಸ ಒಟ್ಟಿಗೆ ಓಡಿದವು ಅನ್ನುವುದೆಲ್ಲಾ ಅದರಲ್ಲೇ ಇರುತ್ತದೆ. ಅಲ್ಲಿ 7200 ಅಂತ ಇದ್ದರೆ ಎರಡು ಗಂಟೆ. ಕರ್ನಲ್‌ಗೂ ಅಂಥದ್ದೇ ಸಾಲು ಬರುತ್ತದೆ. ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ರಿಲೀಸ್ ಹಂತಕ್ಕೆ ಟೈಮ್ ಕಮಾಂಡ್ ಹಚ್ಚಿ ಓಡಿಸಿ, ಅದನ್ನೂ ಬರೆಯಿರಿ. ಈ ಮೂರು ಅಂಕಿ ಇಲ್ಲದೆ ಮುಂದಿನ ಯಾವ ಹಂತದಿಂದ ಎಷ್ಟು ಉಪಯೋಗ ಆಯಿತು ಅಂತ ಹೇಳಲು ಬರುವುದಿಲ್ಲ. ಕರ್ನಲ್ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದರೆ ಅದರ ಹಿಂದೆ ಬಿದ್ದು ಅರ್ಧ ದಿನ ಕಳೆಯುವುದು ದಂಡ, ಅಲ್ವಾ?

ಹಂತ 3: ಒಟ್ಟಿಗೆ ಎಷ್ಟು ಕೆಲಸ ಹಚ್ಚಬೇಕು

ಮೇಕ್ ಅನ್ನುವುದು ಏನನ್ನು ಯಾವ ಕ್ರಮದಲ್ಲಿ ಕಟ್ಟಬೇಕು ಅಂತ ನೋಡಿಕೊಳ್ಳುವ ಪ್ರೋಗ್ರಾಂ. ಅದಕ್ಕೆ -ಜೆ ಕೊಟ್ಟು ಸಂಖ್ಯೆ ಹೇಳಿದರೆ ಅಷ್ಟು ಕೆಲಸಗಳನ್ನು ಒಟ್ಟಿಗೆ ಓಡಿಸುತ್ತದೆ. ಕೊಡದಿದ್ದರೆ ಒಂದೊಂದೇ. ಎಂಟು ಕೋರ್ ಇದ್ದೂ -ಜೆ ಮರೆತು ರಾತ್ರಿಯೆಲ್ಲಾ ಕಾಯುವವರು ಬಹಳ ಜನ.

ಮೇಕ್ -ಜೆ8 ಬಿಲ್ಡ್‌ವರ್ಲ್ಡ್ ಬಿಲ್ಡ್‌ಕರ್ನಲ್

ನಿಮ್ಮಲ್ಲಿ ಎಷ್ಟು ಕೋರ್ ಇವೆ ಅಂತ ಸಿಸ್‌ಸಿಟಿಎಲ್ ಎಚ್‌ಡಬ್ಲ್ಯೂ.ಎನ್‌ಸಿಪಿಯು ಹೇಳುತ್ತದೆ. ಅದೇ ಸಂಖ್ಯೆಯಿಂದ ಶುರು ಮಾಡಿ. ಇದಕ್ಕಿಂತ ಜಾಸ್ತಿ ಕೊಟ್ಟರೆ ಇನ್ನೂ ಬೇಗ ಆಗುತ್ತದೆ ಅನ್ನುವುದು ತಪ್ಪು ಲೆಕ್ಕ. ಮದುವೆ ಮನೆಯಲ್ಲಿ ಹದಿನಾರು ಜನ ಕೂತು ರೊಟ್ಟಿ ಬಡಿದರೂ ಒಲೆಯ ಮೇಲೆ ಎಂಟೇ ಹಂಚು ಇದ್ದರೆ, ಬಡಿದ ರೊಟ್ಟಿ ಸುಮ್ನೆ ಒಣಗುತ್ತಾ ಕೂರುತ್ತದೆ.

ಒಣಗಿದರೆ ಪರವಾಗಿಲ್ಲ, ಇಲ್ಲಿ ರ‍್ಯಾಮ್ ತುಂಬುತ್ತದೆ. ಫ್ರೀಬಿಎಸ್‌ಡಿಯ ಕಂಪೈಲರ್ ಕ್ಲ್ಯಾಂಗ್, ಅದರ ಹಿಂದಿರುವುದು ಎಲ್‌ಎಲ್‌ವಿಎಂ. ಎರಡೂ ಸಿ++ನಲ್ಲಿ ಬರೆದಿರುವ ಭಾರಿ ಕೋಡ್. ಅದರ ಒಂದು ದೊಡ್ಡ ಫೈಲ್ ಕಂಪೈಲ್ ಆಗುವಾಗ ಒಂದು ಜಿಬಿ ಹತ್ತಿರ ಬೇಕಾಗಬಹುದು. ಅಂಥವು ಎಂಟು ಒಟ್ಟಿಗೆ ಬಂದರೆ 8 ಜಿಬಿ ಮಷೀನ್ ಎಲ್ಲಿ ನಿಲ್ಲುತ್ತದೆ ಹೇಳಿ.

ಆಗ ಏನಾಗುತ್ತದೆ ಅಂದರೆ, ಮೊದಲು ಸ್ವಾಪ್ ಶುರುವಾಗುತ್ತದೆ. ಸ್ವಾಪ್ ಅಂದರೆ ರ‍್ಯಾಮ್ ಸಾಲದೆ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುವುದು. ಅಲ್ಲಿಗೆ ವೇಗ ನೆಲಕ್ಕೆ ಬೀಳುತ್ತದೆ. ಅದೂ ಸಾಲದಿದ್ದರೆ ಕರ್ನಲ್ ಒಂದು ಪ್ರೋಗ್ರಾಮನ್ನು ಕೊಂದು ಹಾಕುತ್ತದೆ. ಬಿಲ್ಡ್ ಎಲ್ಲೋ ಮಧ್ಯದಲ್ಲಿ ಎರರ್ ಕೊಟ್ಟು ನಿಲ್ಲುತ್ತದೆ. ಎರರ್ ನೋಡಿದರೆ ಕೋಡ್‌ನಲ್ಲೇ ದೋಷ ಇದ್ದ ಹಾಗೆ ಕಾಣುತ್ತದೆ. ಬಹಳ ಜನ ಇಲ್ಲೇ ದಾರಿ ತಪ್ಪುವುದು. ಡಿಮೆಸೇಜ್ ಕಮಾಂಡ್ ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. ಸಿ++ ಪ್ರೋಗ್ರಾಮಿನ ಹೆಸರಿನ ಜೊತೆ "ವಾಸ್ ಕಿಲ್ಡ್: ಫೇಲ್ಡ್ ಟು ರೀಕ್ಲೇಮ್ ಮೆಮೊರಿ" ಅಂತಿದ್ದರೆ ನಿಮ್ಮ ಕೋಡ್‌ನದ್ದು ತಪ್ಪಿಲ್ಲ. -ಜೆ ಸಂಖ್ಯೆ ಇಳಿಸಿ, ಮತ್ತೆ ಓಡಿಸಿ.

ನನ್ನ ಲೆಕ್ಕ ಹೀಗೆ: ರ‍್ಯಾಮ್ ಎಷ್ಟು ಜಿಬಿ ಇದೆಯೋ ಅದರಲ್ಲಿ ಎರಡು ಕಳೆಯಿರಿ. ಉಳಿದ ಸಂಖ್ಯೆ ಮತ್ತು ಕೋರ್ ಸಂಖ್ಯೆ, ಇವೆರಡರಲ್ಲಿ ಯಾವುದು ಚಿಕ್ಕದೋ ಅದು -ಜೆ. ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಬಳಸುವವರು ಇನ್ನೂ ಒಂದೆರಡು ಕಳೆಯಿರಿ. ಅದು ಓದಿದ್ದನ್ನೆಲ್ಲಾ ನೆನಪಿಟ್ಟುಕೊಳ್ಳಲು ರ‍್ಯಾಮ್ ಹಿಡಿದಿಡುತ್ತದೆ. ಈ ಹಂತ ಎರಡೂ ಬಗೆಯ ಬಿಲ್ಡ್‌ಗೆ ಸಲ್ಲುತ್ತದೆ.

ಹಂತ 4: ಕಂಪೈಲರ್ ಎರಡು ಸಲ ಕಟ್ಟದಂತೆ ನೋಡಿಕೊಳ್ಳಿ

ಇಡೀ ಬಿಲ್ಡ್‌ನಲ್ಲಿ ಸಮಯ ನುಂಗುವುದು ಎಲ್‌ಎಲ್‌ವಿಎಂ ಮತ್ತು ಕ್ಲ್ಯಾಂಗ್. ಹೊಸ ವ್ಯವಸ್ಥೆಯಲ್ಲಿ ಕಂಪೈಲರ್ ಇರಬೇಕಾದ್ದರಿಂದ ಅದನ್ನು ಒಮ್ಮೆ ಕಟ್ಟಲೇಬೇಕು. ಆದರೆ ನಿಮ್ಮ ಮಷೀನ್‌ನಲ್ಲಿರುವ ಕಂಪೈಲರ್ ಸೋರ್ಸ್‌ನಲ್ಲಿರುವ ಕಂಪೈಲರ್‌ಗಿಂತ ಹಳೆಯದಾಗಿದ್ದರೆ ಅದೇ ಕೆಲಸ ಎರಡು ಸಲ ಆಗುತ್ತದೆ. ಮೊದಲು ಸ್ಟೇಜ್ 3ರಲ್ಲಿ, ಕಟ್ಟುವ ಕೆಲಸಕ್ಕಾಗಿ ಒಂದು ಹೊಸ ಕಂಪೈಲರ್. ಆಮೇಲೆ ಆ ಕಂಪೈಲರ್‌ನಿಂದ ಇಮೇಜ್ ಒಳಗೆ ಹೋಗುವ ಕಂಪೈಲರ್.

ಫ್ರೀಬಿಎಸ್‌ಡಿ ಇದನ್ನು ತಾನೇ ಪರೀಕ್ಷಿಸುತ್ತದೆ. ಎರಡೂ ಒಂದೇ ಆವೃತ್ತಿ ಆಗಿದ್ದರೆ ಬಿಲ್ಡ್ ಶುರುವಾದ ಸ್ವಲ್ಪ ಹೊತ್ತಿಗೆ "ಸಿಸ್ಟಮ್_ಕಂಪೈಲರ್" ಅಂತ ಶುರುವಾಗುವ ಸಾಲು ಬರುತ್ತದೆ. ಇರುವ ಸಿಸಿ (ಮಷೀನ್‌ನ ಕಂಪೈಲರ್) ಸೋರ್ಸ್‌ಗೆ ಹೊಂದುತ್ತದೆ, ಕ್ರಾಸ್ ಕಂಪೈಲರ್ ಕಟ್ಟುತ್ತಿಲ್ಲ ಅಂತ ಅದರ ಅರ್ಥ. ಲಿಂಕರ್‌ಗೂ ಅಂಥದ್ದೇ ಸಾಲು ಇದೆ. ಲಿಂಕರ್ ಅಂದರೆ ಕಂಪೈಲ್ ಆದ ತುಂಡುಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಉಪಕರಣ. ಎರಡನೇ ಹಂತದಲ್ಲಿ ಇಟ್ಟುಕೊಂಡ ಲಾಗ್ ಫೈಲ್ ತೆಗೆದು ಈ ಎರಡು ಸಾಲು ಹುಡುಕಿ. ಸಿಗಲಿಲ್ಲವೆಂದರೆ ದೊಡ್ಡ ಉಳಿತಾಯ ಇಲ್ಲೇ ಕಾದಿದೆ.

ಪರಿಹಾರ ಸರಳ. 14.3 ಇಮೇಜ್ ಕಟ್ಟಬೇಕಾದರೆ 14.3 ಹಾಕಿರುವ ಮಷೀನ್‌ನಲ್ಲೇ ಕಟ್ಟಿ. ಹಳೆಯ 13 ಆವೃತ್ತಿಯಲ್ಲಿ ಕೂತು 14 ಕಟ್ಟಲು ಹೋಗಬೇಡಿ. ಅದು ಆಗುತ್ತದೆ, ಆದರೆ ಪ್ರತಿ ಸಲ ಎರಡು ಕಂಪೈಲರ್‌ನ ಸಮಯ ಕೊಡುತ್ತೀರಿ. ಒಂದು ಸಂಜೆ ಕೂತು ಮಷೀನ್ ಅಪ್‌ಡೇಟ್ ಮಾಡಿಕೊಂಡರೆ ಮುಂದಿನ ಎಲ್ಲಾ ಬಿಲ್ಡ್‌ಗಳಲ್ಲೂ ಲಾಭ.

ಇನ್ನೊಂದು ಆಯ್ಕೆ ಇದೆ. ಕ್ಲ್ಯಾಂಗ್ ಸಾಮಾನ್ಯವಾಗಿ ಹಲವು ಬಗೆಯ ಪ್ರೊಸೆಸರ್‌ಗಳಿಗೆ ಕೋಡ್ ಕೊಡುವಂತೆ ಕಟ್ಟಲ್ಪಡುತ್ತದೆ: ಇಂಟೆಲ್, ಆರ್ಮ್, ಪವರ್‌ಪಿಸಿ, ರಿಸ್ಕ್-ವಿ. ನಿಮಗೆ ಇಂಟೆಲ್ ಮಾತ್ರ ಸಾಕು ಅಂದರೆ ಇಟಿಸಿ ಒಳಗಿನ ಎಸ್‌ಆರ್‌ಸಿ.ಕಾನ್ಫ್ ಫೈಲ್‌ನಲ್ಲಿ ಈ ಸಾಲು ಹಾಕಿ:

ವಿತೌಟ್_ಎಲ್‌ಎಲ್‌ವಿಎಂ_ಟಾರ್ಗೆಟ್_ಆಲ್=ಯೆಸ್

ಆದರೆ ಎಚ್ಚರ. ಹೀಗೆ ಕಟ್ಟಿದ ವ್ಯವಸ್ಥೆಯಲ್ಲಿ ಕೂತು ನಾಳೆ ರಾಸ್ಬೆರಿ ಪೈಗೆ ಇಮೇಜ್ ಕಟ್ಟಲು ಹೋದರೆ ಆ ಕಂಪೈಲರ್‌ಗೆ ಆರ್ಮ್ ಗೊತ್ತಿರುವುದಿಲ್ಲ. ಹಾಗಾಗಿ ಇದು ದಿನದ ಬಿಲ್ಡ್‌ಗೆ ಮಾತ್ರ.

ಹಂತ 5: ಮೆಟಾ ಮೋಡ್

ದಿನದ ಬಿಲ್ಡ್‌ಗೆ ಒಂದೇ ಒಂದು ಸಲಹೆ ಕೊಡಿ ಅಂದರೆ ನಾನು ಕೊಡುವುದು ಇದನ್ನೇ. ಮೆಟಾ ಮೋಡ್ ಹಾಕಿದಾಗ ಪ್ರತಿ ಫೈಲ್ ಕಟ್ಟುವಾಗಲೂ ಯಾವ ಕಮಾಂಡ್ ಓಡಿತು, ಯಾವ ಯಾವ ಫೈಲ್ ತೆರೆಯಿತು ಅಂತ ಪಕ್ಕದಲ್ಲೇ ಒಂದು ಟಿಪ್ಪಣಿ ಫೈಲ್ ಬರೆದಿಡುತ್ತದೆ. ಮುಂದಿನ ಸಲ ಆ ಟಿಪ್ಪಣಿ ನೋಡಿ, ಬದಲಾದದ್ದನ್ನು ಮಾತ್ರ ಕಟ್ಟುತ್ತದೆ. ನೀವು ಒಂದು ಡ್ರೈವರ್‌ನಲ್ಲಿ ಎರಡು ಸಾಲು ತಿದ್ದಿದ್ದರೆ ಎರಡು ಗಂಟೆ ಕಾಯುವ ಅಗತ್ಯವಿಲ್ಲ.

ಯಾವ ಫೈಲ್ ತೆರೆಯಿತು ಅಂತ ನೋಡುವುದಕ್ಕೆ ಫೈಲ್‌ಮಾನ್ ಎಂಬ ಕರ್ನಲ್ ಮಾಡ್ಯೂಲ್ ಬೇಕು. ಕೆಎಲ್‌ಡಿಲೋಡ್ ಫೈಲ್‌ಮಾನ್ ಅಂತ ಕೊಡಿ. ಬೂಟ್ ಆದಾಗ ತಾನೇ ಬರಬೇಕಾದರೆ ಆರ್‌ಸಿ.ಕಾನ್ಫ್‌ನ ಕೆಎಲ್‌ಡಿ_ಲಿಸ್ಟ್‌ಗೆ ಸೇರಿಸಿ. ಆಮೇಲೆ ಈ ಸಾಲು:

ವಿತ್_ಮೆಟಾ_ಮೋಡ್=ಯೆಸ್

ಇದನ್ನು ಎಲ್ಲಿ ಹಾಕಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು. ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ಹಾಕಿದರೆ ಕೆಲಸ ಮಾಡುವುದಿಲ್ಲ. ಇಟಿಸಿ ಒಳಗೆ ಎಸ್‌ಆರ್‌ಸಿ-ಎನ್ವ್.ಕಾನ್ಫ್ ಎಂಬ ಬೇರೆ ಫೈಲ್ ಮಾಡಿ ಅದರಲ್ಲಿ ಹಾಕಬೇಕು. ಈ ಆಯ್ಕೆ ಮೇಕ್ ಶುರುವಾಗುವ ಹೊತ್ತಿಗೇ ಗೊತ್ತಿರಬೇಕು, ಎಸ್‌ಆರ್‌ಸಿ.ಕಾನ್ಫ್ ಓದುವ ಹೊತ್ತಿಗೆ ತಡವಾಗಿರುತ್ತದೆ. "ಹಾಕಿದ್ದೀನಿ ಸರ್, ಏನೂ ಫರಕ್ ಇಲ್ಲ" ಅನ್ನುವವರ ಸ್ಕ್ರೀನ್‌ಶಾಟ್ ನೋಡಿದರೆ ಹತ್ತಕ್ಕೆ ಒಂಬತ್ತು ಸಲ ಸಾಲು ಎಸ್‌ಆರ್‌ಸಿ.ಕಾನ್ಫ್‌ನಲ್ಲೇ ಕೂತಿರುತ್ತದೆ.

ಹಳೆಯ ಲ್ಯಾಬ್ ಮಷೀನ್‌ಗಳಲ್ಲಿ ಇನ್ನೊಂದು ತೊಂದರೆ ಕಂಡಿದ್ದೇನೆ. ಮದರ್‌ಬೋರ್ಡ್ ಮೇಲಿನ ನಾಣ್ಯದ ಆಕಾರದ ಸೆಲ್ ಸತ್ತಿರುತ್ತದೆ. ಕರೆಂಟ್ ಹೋಗಿ ಬಂದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಮೇಕ್ ಯಾವುದು ಹೊಸದು, ಯಾವುದು ಹಳೆಯದು ಅಂತ ನೋಡುವುದು ಫೈಲ್‌ನ ಸಮಯದಿಂದಲೇ. ಗಡಿಯಾರ ತಪ್ಪಿದರೆ ನೀವು ಈಗಷ್ಟೇ ತಿದ್ದಿದ ಫೈಲ್ ಹಳೆಯದಾಗಿ ಕಾಣುತ್ತದೆ, ಕಟ್ಟದೆ ಬಿಟ್ಟುಬಿಡುತ್ತದೆ. ಸೆಲ್ ಬದಲಾಯಿಸಿ. ಎನ್‌ಟಿಪಿಡಿ ಹಾಕಿ, ಅದು ನೆಟ್‌ವರ್ಕ್‌ನಿಂದ ಸಮಯ ಸರಿಮಾಡುತ್ತದೆ.

ಬಿಲ್ಡ್ ನಡುವೆ ಕರೆಂಟ್ ಹೋದರೆ? ಮೆಟಾ ಮೋಡ್ ಇದ್ದರೆ ಮತ್ತೆ ಅದೇ ಕಮಾಂಡ್ ಕೊಡಿ, ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಅರ್ಧ ಬರೆದ ಫೈಲ್‌ಗಳು ಖಾಲಿಯಾಗಿ ಉಳಿದಿರಬಹುದು. ಲಿಂಕ್ ಆಗುವಾಗ ವಿಚಿತ್ರ ಎರರ್ ಬಂದರೆ ಯುಎಸ್‌ಆರ್ ಒಳಗಿನ ಓಬಿಜೆ ಫೋಲ್ಡರ್‌ನಲ್ಲಿ (ಕಟ್ಟಿದ್ದೆಲ್ಲಾ ಬಂದು ಬೀಳುವ ಜಾಗ) ಸೊನ್ನೆ ಗಾತ್ರದ .ಓ ಫೈಲ್‌ಗಳನ್ನು ಫೈಂಡ್ ಕಮಾಂಡ್‌ನಿಂದ ಹುಡುಕಿ ಅಳಿಸಿ. ಅಷ್ಟರಿಂದಲೇ ಸರಿಹೋಗುತ್ತದೆ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವ ಅಗತ್ಯ ಬೀಳುವುದು ಕಡಿಮೆ.

ಹಂತ 6: ಸಿಕ್ಯಾಶ್

ಸಿಕ್ಯಾಶ್ ಕಂಪೈಲ್ ಆದ ಫಲಿತಾಂಶವನ್ನು ಪಕ್ಕಕ್ಕೆ ತೆಗೆದಿಡುವ ಉಗ್ರಾಣ. ಅದೇ ಕೋಡ್ ಅದೇ ಆಯ್ಕೆಗಳೊಂದಿಗೆ ಮತ್ತೆ ಬಂದರೆ ಕಂಪೈಲ್ ಮಾಡುವುದೇ ಇಲ್ಲ, ಉಗ್ರಾಣದಿಂದ ತೆಗೆದು ಕೊಡುತ್ತದೆ. ಓಬಿಜೆ ಫೋಲ್ಡರ್ ಪೂರ್ತಿ ಅಳಿಸಿದರೂ ಉಗ್ರಾಣ ಉಳಿದಿರುತ್ತದೆ. ಮೆಟಾ ಮೋಡ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಕವಲು ಬದಲಾಯಿಸುತ್ತಾ ಇರುವವರಿಗೆ ಇದು ಬಹಳ ಅನುಕೂಲ.

ಪಿಕೆಜಿ ಇನ್‌ಸ್ಟಾಲ್ ಸಿಕ್ಯಾಶ್ ಅಂತ ಹಾಕಿಕೊಳ್ಳಿ. ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ವಿತ್_ಸಿಕ್ಯಾಶ್_ಬಿಲ್ಡ್=ಯೆಸ್ ಬರೆಯಿರಿ. ಇದು ಎಸ್‌ಆರ್‌ಸಿ.ಕಾನ್ಫ್‌ನಲ್ಲೇ ಇರಬಹುದು, ಗೊಂದಲ ಬೇಡ. ಉಗ್ರಾಣದ ಗಾತ್ರ ಮೊದಲಿಗೆ 5 ಜಿಬಿ ಇರುತ್ತದೆ. ಎರಡು ಕವಲು ಕಟ್ಟುವವರಿಗೆ ಅದು ಸಾಲದು, 20 ಜಿಬಿಗೆ ಏರಿಸಿ. ಸಾಲದ ಉಗ್ರಾಣ ಹಳೆಯದನ್ನು ಎಸೆದು ಹೊಸದನ್ನು ತುಂಬುತ್ತಾ ಇರುತ್ತದೆ, ಉಪಯೋಗಕ್ಕೆ ಬರುವುದಿಲ್ಲ.

ಮೊದಲ ಬಿಲ್ಡ್ ಸ್ವಲ್ಪ ನಿಧಾನವೇ ಆಗುತ್ತದೆ. ಆಗ ಉಗ್ರಾಣ ತುಂಬುತ್ತಿರುತ್ತದೆ, ಗಾಬರಿ ಬೇಡ. ಎರಡನೆಯದರ ನಂತರ ಸಿಕ್ಯಾಶ್ -ಎಸ್ ಕೊಟ್ಟು ಎಷ್ಟು ಸಲ ಉಗ್ರಾಣದಿಂದ ಸಿಕ್ಕಿತು ಅಂತ ನೋಡಿ. ಕಂಪೈಲರ್ ಬದಲಾದರೆ ಮಾತ್ರ ಅದುವರೆಗೆ ತುಂಬಿದ್ದೆಲ್ಲಾ ಉಪಯೋಗಕ್ಕೆ ಬಾರದಂತಾಗುತ್ತದೆ. ಹಾಗೇ ಆಗಬೇಕು, ಅದು ಸರಿ.

ಹಂತ 7: ಓಬಿಜೆ ಫೋಲ್ಡರ್ ಎಲ್ಲಿರಬೇಕು

ಟಿಎಂಪಿಎಫ್‌ಎಸ್, ಅಂದರೆ ರ‍್ಯಾಮ್‌ನಲ್ಲೇ ಇರುವ ಫೋಲ್ಡರ್, ಅದರಲ್ಲಿ ಕಟ್ಟಿದರೆ ಬೇಗ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಳೆಯ ಹಾರ್ಡ್ ಡಿಸ್ಕ್ ಇರುವವರಿಗೆ ಅದು ನಿಜ. ಎಸ್‌ಎಸ್‌ಡಿ ಇದ್ದವರಿಗೆ ಅಷ್ಟೇನೂ ವ್ಯತ್ಯಾಸ ಆಗದು. ಈ ಕೆಲಸದಲ್ಲಿ ಕಾಯಿಸುವುದು ಡಿಸ್ಕ್ ಅಲ್ಲ, ಪ್ರೊಸೆಸರ್. ಓಬಿಜೆ ಫೋಲ್ಡರ್ 10 ಜಿಬಿ ಮೀರಿ ಬೆಳೆಯುತ್ತದೆ. 16 ಜಿಬಿ ಮಷೀನ್‌ನಲ್ಲಿ ಅದನ್ನು ರ‍್ಯಾಮ್‌ಗೆ ಹಾಕಿದರೆ ಕಂಪೈಲರ್‌ಗೆ ಜಾಗ ಉಳಿಯುವುದಿಲ್ಲ. 64 ಜಿಬಿ ಇದ್ದರೆ ಮಾಡಿ. ಕರೆಂಟ್ ಹೋದರೆ ಎಲ್ಲಾ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಓಬಿಜೆಯ ಜಾಗ ಬದಲಾಯಿಸಲು ಮೇಕ್‌ಓಬಿಜೆಡಿರ್‌ಪ್ರಿಫಿಕ್ಸ್ ಬಳಸುವವರು ಅದನ್ನು ಮೇಕ್.ಕಾನ್ಫ್‌ನಲ್ಲಿ ಬರೆಯಬೇಡಿ. ಶೆಲ್‌ನ ಎನ್ವಿರಾನ್‌ಮೆಂಟ್‌ನಲ್ಲಿ ಇಡಬೇಕು.

ಹಂತ 8: ಬೇಡದ್ದನ್ನು ಬಿಡಿ, ದಿನದ ಬಿಲ್ಡ್‌ಗೆ ಮಾತ್ರ

ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ವಿತೌಟ್ ಹಾಕಿ ಬಿಡಬಹುದಾದವು ಹಲವು ಇವೆ. ಟೆಸ್ಟ್ಸ್, ಇದು ಪರೀಕ್ಷೆಯ ಪ್ರೋಗ್ರಾಂಗಳು. ಲಿಬ್32, ಹಳೆಯ 32 ಬಿಟ್ ಪ್ರೋಗ್ರಾಂ ಓಡಿಸಲು ಬೇಕಾದ ಲೈಬ್ರರಿಗಳು. ಡೀಬಗ್_ಫೈಲ್ಸ್, ತಪ್ಪು ಹುಡುಕುವಾಗ ಬೇಕಾಗುವ ಮಾಹಿತಿ, ಇದು ಡಿಸ್ಕ್ ಜಾಗವನ್ನೂ ಬಹಳ ತಿನ್ನುತ್ತದೆ. ಎಲ್‌ಎಲ್‌ಡಿಬಿ, ಡೀಬಗ್ಗರ್. ಕರ್ನಲ್ ಕೆಲಸ ಮಾಡುವವರು ಮೇಕ್.ಕಾನ್ಫ್‌ನಲ್ಲಿ ಮಾಡ್ಯೂಲ್ಸ್_ಓವರ್‌ರೈಡ್ ಹಾಕಿ ತಮಗೆ ಬೇಕಾದ ಒಂದೆರಡು ಮಾಡ್ಯೂಲ್ ಮಾತ್ರ ಕಟ್ಟಿಸಬಹುದು. ಕರ್ನಲ್ ಬಿಲ್ಡ್ ತುಂಬಾ ಚಿಕ್ಕದಾಗುತ್ತದೆ.

ಇದೇ ಜಾಗದಲ್ಲಿ ಸಿಪಿಯುಟೈಪ್ ನೇಟಿವ್ ಅಂತ ಹಾಕಿ ಅಂತಲೂ ಯಾರಾದರೂ ಹೇಳಿರುತ್ತಾರೆ. ಹಾಕಬೇಡಿ. ಅದರಿಂದ ಬಿಲ್ಡ್ ಬೇಗ ಆಗುವುದಿಲ್ಲ, ನಿಮ್ಮ ಪ್ರೊಸೆಸರ್‌ಗೆ ಹೊಂದುವ ಕೋಡ್ ಬರುತ್ತದೆ ಅಷ್ಟೇ. ಆ ಇಮೇಜನ್ನು ಗೆಳೆಯನ ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿದರೆ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಹೇಳಿ ಸಾಯುತ್ತದೆ.

ಹಂತ 9: ಇಮೇಜ್ ಮಾಡುವ ಹಂತ

ಇಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ದಣಿದಿರುತ್ತಾರೆ, ಈ ಹಂತವನ್ನು ಯಾರೂ ಗಮನಿಸುವುದಿಲ್ಲ. ಆದರೆ ಹಿಂದಿನ ಹಂತಗಳಿಂದ ಕಂಪೈಲ್ ಸಮಯ ಇಳಿಯಿತೆಂದರೆ ಉಳಿದ ಸಮಯದ ದೊಡ್ಡ ಪಾಲು ಇದೇ ಆಗಿರುತ್ತದೆ.

ಸೋರ್ಸ್ ಒಳಗಿನ ರಿಲೀಸ್ ಫೋಲ್ಡರ್‌ಗೆ ಹೋಗಿ ಮೇಕ್ ರಿಲೀಸ್ ಅಂತ ಕೊಡುವುದು ವಾಡಿಕೆ. ಇಲ್ಲಿ -ಜೆ ಹಾಕಬೇಡಿ. ಮ್ಯಾನ್ ಪೇಜ್ (ಫ್ರೀಬಿಎಸ್‌ಡಿ ಜೊತೆಗೇ ಬರುವ ಕೈಪಿಡಿ) ಕೊಡುವ ಉದಾಹರಣೆಯಲ್ಲೂ -ಜೆ ಇರುವುದು ಬಿಲ್ಡ್‌ವರ್ಲ್ಡ್, ಬಿಲ್ಡ್‌ಕರ್ನಲ್ ಸಾಲಿಗೆ ಮಾತ್ರ. ಈ ಒಂದು ಕಮಾಂಡ್ ಬೇಸ್, ಕರ್ನಲ್, ಸೋರ್ಸ್, ಪೋರ್ಟ್ಸ್ ಎಂಬ ಗಂಟುಗಳನ್ನು ಎಕ್ಸ್‌ಝಡ್ ಎಂಬ, ಫೈಲ್ ಗಾತ್ರ ಕುಗ್ಗಿಸುವ ಪ್ರೋಗ್ರಾಂನಿಂದ ಒತ್ತಿ ಕಟ್ಟುತ್ತದೆ. ಆಮೇಲೆ ಸಿಡಿ ಇಮೇಜ್, ಬೂಟ್‌ಓನ್ಲಿ ಇಮೇಜ್, ಪೆನ್‌ಡ್ರೈವ್‌ನ ಮೆಮ್‌ಸ್ಟಿಕ್ ಇಮೇಜ್, ಅದರ ಚಿಕ್ಕ ರೂಪ, ಇಷ್ಟನ್ನೂ ಮಾಡುತ್ತದೆ. ನಿಮಗೆ ಪೆನ್‌ಡ್ರೈವ್ ಇಮೇಜ್ ಒಂದೇ ಬೇಕಿದ್ದರೆ ಇಷ್ಟೆಲ್ಲಾ ಯಾಕೆ?

ಮೇಕ್ ನೋಪೋರ್ಟ್ಸ್=1 ನೋಎಸ್‌ಆರ್‌ಸಿ=1 ಮೆಮ್‌ಸ್ಟಿಕ್

ಪೋರ್ಟ್ಸ್ ಅಂದರೆ ಹೊರಗಿನ ಸಾಫ್ಟ್‌ವೇರ್ ಕಟ್ಟಲು ಬೇಕಾದ ಸೂತ್ರಗಳ ದೊಡ್ಡ ಮರ. ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಫೈಲ್‌ಗಳು. ಪರೀಕ್ಷೆಯ ಇಮೇಜ್‌ಗೆ ಅದನ್ನು ಒತ್ತಿ ಕಟ್ಟುವುದು ಪೂರಾ ವ್ಯರ್ಥ. ವಿತ್_ಕಂಪ್ರೆಸ್ಡ್_ಇಮೇಜಸ್ ಆಯ್ಕೆಯನ್ನೂ ಪರೀಕ್ಷೆಯ ಹೊತ್ತಿನಲ್ಲಿ ಹಾಕಬೇಡಿ. ಕೊನೆಯಲ್ಲಿ ಬೇಕಾದರೆ ನೀವೇ ಎಕ್ಸ್‌ಝಡ್ -ಟಿ0 ಕೊಟ್ಟು ಒತ್ತಿ. -ಟಿ0 ಅಂದರೆ ಇರುವ ಎಲ್ಲಾ ಕೋರ್ ಬಳಸು ಅಂತ. ಹೀಗೆ ಒತ್ತಿದ ಫೈಲ್ ಒಂದೇ ಕೋರ್‌ನಲ್ಲಿ ಒತ್ತಿದ ಫೈಲ್‌ಗೆ ಬೈಟ್‌ಗೆ ಬೈಟ್ ಹೊಂದುವುದಿಲ್ಲ. ಬಿಚ್ಚಿದರೆ ಒಳಗಿರುವುದು ಒಂದೇ. ಇಬ್ಬರ ಚೆಕ್‌ಸಮ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸುವಾಗ ಒತ್ತಿದ್ದನ್ನಲ್ಲ, ಬಿಚ್ಚಿದ್ದನ್ನು ಹೋಲಿಸಿ.

ಇನ್ನು ರಿಲೀಸ್.ಎಸ್‌ಎಚ್ ಬಗ್ಗೆ. ಇದು ರಿಲೀಸ್ ಫೋಲ್ಡರ್‌ನಲ್ಲೇ ಇರುವ ಸ್ಕ್ರಿಪ್ಟ್. ನಿಮ್ಮ ಮಷೀನ್‌ನ ಸೆಟ್ಟಿಂಗ್‌ಗಳ ಸೋಂಕು ತಗಲದಂತೆ ಬೇರೆಯಾದ ಒಂದು ಕ್ರೂಟ್ ಒಳಗೆ ರಿಲೀಸ್ ಕಟ್ಟುತ್ತದೆ. ಕ್ರೂಟ್ ಅಂದರೆ ಒಂದು ಫೋಲ್ಡರನ್ನೇ ಇಡೀ ವ್ಯವಸ್ಥೆಯ ಬೇರು ಅಂತ ನಂಬಿಸಿ ಅದರೊಳಗೆ ಕೆಲಸ ಮಾಡಿಸುವುದು. ಒಳ್ಳೆಯ ಪದ್ಧತಿ. ಆದರೆ ಇದು ಮೊದಲು ಆ ಕ್ರೂಟ್ ತುಂಬಲು ಒಮ್ಮೆ ವರ್ಲ್ಡ್ ಕಟ್ಟುತ್ತದೆ, ಆಮೇಲೆ ಅದರೊಳಗೆ ಕೂತು ರಿಲೀಸ್‌ಗಾಗಿ ಇನ್ನೊಮ್ಮೆ ಕಟ್ಟುತ್ತದೆ. ಒಂದೇ ರಿಲೀಸ್‌ಗೆ ಎರಡು ವರ್ಲ್ಡ್. ಇದನ್ನು ತಿಳಿಯದೆ "ನನ್ನ ಮಷೀನ್ ಯಾಕೆ ಇಷ್ಟು ನಿಧಾನ" ಅಂತ ಕೇಳುವವರು ಬಹಳ.

ಅದಕ್ಕೂ ದಾರಿ ಇದೆ. ಅದೇ ಆವೃತ್ತಿಯ ಬೇಸ್ ಗಂಟನ್ನು ಅಧಿಕೃತ ಡೌನ್‌ಲೋಡ್‌ನಿಂದ ತಂದು ಕ್ರೂಟ್ ಫೋಲ್ಡರ್‌ನಲ್ಲಿ ಬಿಚ್ಚಿ. ಆಮೇಲೆ ರಿಲೀಸ್.ಕಾನ್ಫ್‌ನಲ್ಲಿ ಕ್ರೂಟ್‌ಬಿಲ್ಡ್_ಸ್ಕಿಪ್ ಹಾಕಿ. ಮೊದಲ ವರ್ಲ್ಡ್ ತಪ್ಪುತ್ತದೆ. ಸೋರ್ಸನ್ನೂ ನೀವೇ ಒಳಗಿಟ್ಟಿದ್ದರೆ ಎಸ್‌ಆರ್‌ಸಿ_ಅಪ್‌ಡೇಟ್_ಸ್ಕಿಪ್ ಕೂಡ ಹಾಕಬಹುದು. ಈ ಎರಡೂ ಬೇರೆಯವರಿಗೆ ಕೊಡುವ ಬಿಲ್ಡ್‌ಗೂ ಸಲ್ಲುತ್ತವೆ. ಒಳಗಿಟ್ಟಿರುವುದು ಶುದ್ಧ ಪ್ರತಿ ಅಂತ ಖಾತ್ರಿ ಇರಬೇಕು, ಅಷ್ಟೇ.

ಈ ಸ್ಕ್ರಿಪ್ಟ್ ನಿಮ್ಮ ಎಸ್‌ಆರ್‌ಸಿ.ಕಾನ್ಫ್, ಮೇಕ್.ಕಾನ್ಫ್ ಎರಡನ್ನೂ ಓದುವುದಿಲ್ಲ. ಬೇಕಂತಲೇ ಅವುಗಳ ಜಾಗದಲ್ಲಿ ಖಾಲಿ ಫೈಲ್ ಇಟ್ಟುಕೊಳ್ಳುತ್ತದೆ. ಸಿಕ್ಯಾಶ್ ಹಾಕಿದ್ದೆ, ಕೆಲಸ ಮಾಡಲಿಲ್ಲ ಅನ್ನುವವರಿಗೆ ಉತ್ತರ ಇಲ್ಲಿದೆ. -ಜೆ ಮಾತ್ರ ತಾನೇ ಹಾಕಿಕೊಳ್ಳುತ್ತದೆ: ವರ್ಲ್ಡ್‌ಗೆ ಇರುವಷ್ಟು ಕೋರ್, ಕರ್ನಲ್‌ಗೆ ಅದರ ಅರ್ಧ. ರ‍್ಯಾಮ್ ಕಡಿಮೆ ಇದ್ದವರು ವರ್ಲ್ಡ್_ಫ್ಲ್ಯಾಗ್ಸ್‌ನಲ್ಲಿ ಮೂರನೇ ಹಂತದ ಲೆಕ್ಕದ ಸಂಖ್ಯೆ ಬರೆಯಿರಿ. ಇಲ್ಲದಿದ್ದರೆ ಮತ್ತೆ ಅದೇ "ವಾಸ್ ಕಿಲ್ಡ್" ಸಾಲು.

ಹಂತ 10: ಕೈಗೆ ಕೊಡುವ ಬಿಲ್ಡ್

ದಿನದ ಬಿಲ್ಡ್‌ಗಳೆಲ್ಲಾ ಮುಗಿದು ಕೋಡ್ ಸರಿ ಇದೆ ಅನ್ನಿಸಿದ ಮೇಲೆ ಓಬಿಜೆ ಫೋಲ್ಡರ್ ಪೂರ್ತಿ ಅಳಿಸಿ. ಕೆಲವು ಫೈಲ್ ಅಳಿಸಲು ಬಾರದಿದ್ದರೆ ಸಿಎಚ್‌ಫ್ಲ್ಯಾಗ್ಸ್ ಕಮಾಂಡ್‌ನಿಂದ ನೋಎಸ್‌ಸಿಎಚ್‌ಜಿ ಕೊಟ್ಟು ಬೀಗ ತೆಗೆಯಿರಿ, ಆಮೇಲೆ ಅಳಿಸಿ. ಮೆಟಾ ಮೋಡ್ ಬೇಡ. ಸಿಕ್ಯಾಶ್ ಬೇಡ. ವಿತೌಟ್ ಸಾಲುಗಳು ಒಂದೂ ಬೇಡ. ರಿಲೀಸ್.ಎಸ್‌ಎಚ್ ಬಳಸದೆ ಕೈಯಾರೆ ಮಾಡುವವರು ಕಮಾಂಡ್‌ನಲ್ಲೇ ಎಸ್‌ಆರ್‌ಸಿಕಾನ್ಫ್, ಎಸ್‌ಆರ್‌ಸಿ_ಎನ್ವ್_ಕಾನ್ಫ್ ಮತ್ತು ಎರಡು ಅಂಡರ್‌ಸ್ಕೋರ್‌ನಿಂದ ಶುರುವಾಗುವ ಮೇಕ್_ಕಾನ್ಫ್, ಈ ಮೂರನ್ನೂ ಯಾವಾಗಲೂ ಖಾಲಿಯಾಗಿರುವ /ಡೆವ್/ನಲ್‌ಗೆ ತಿರುಗಿಸಿ.

ಇದು ಸಮಯ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳಲಿ. -ಜೆ ಲೆಕ್ಕ, ಕಂಪೈಲರ್ ಹೊಂದಿಕೆ, ಕ್ರೂಟ್ ಉಪಾಯ, ತಂಪು ಹೊತ್ತು, ಈ ನಾಲ್ಕರ ಲಾಭ ಇಲ್ಲೂ ಸಿಗುತ್ತದೆ.

ಮುಗಿದ ಮೇಲೆ ಇಮೇಜನ್ನು ಬಿಹೈವ್ ಅಥವಾ ಕ್ಯೂಎಮು ವರ್ಚುವಲ್ ಮಷೀನ್‌ನಲ್ಲಿ ಬೂಟ್ ಮಾಡಿ. ಬೂಟ್ ಆಯಿತು ಅಂತ ನಿಲ್ಲಿಸಬೇಡಿ, ಇನ್‌ಸ್ಟಾಲ್ ಕೊನೆವರೆಗೆ ಮಾಡಿ, ಲಾಗಿನ್ ಆಗಿ ನೋಡಿ. ಆಮೇಲೆ ಒಂದು ನಿಜವಾದ ಹಳೆಯ ಮಷೀನ್‌ನಲ್ಲಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಶಾ256 ಕಮಾಂಡ್‌ನಿಂದ ಚೆಕ್‌ಸಮ್ ತೆಗೆದು ಒಂದು ಪಠ್ಯ ಫೈಲ್‌ನಲ್ಲಿ ಬರೆಯಿರಿ. ಅದರಲ್ಲೇ ಯಾವ ಕವಲು, ಯಾವ ಕಮಿಟ್‌ನಿಂದ ಕಟ್ಟಿದ್ದು, ನೀವು ಸೇರಿಸಿದ ಬದಲಾವಣೆ ಏನು ಅಂತ ಎರಡು ಸಾಲು ಇರಲಿ. ಪೆನ್‌ಡ್ರೈವ್ ಕೊಡುವಾಗ ಇಮೇಜ್ ಪಕ್ಕದಲ್ಲಿ ಆ ಫೈಲನ್ನೂ ಹಾಕಿ ಕೊಡಿ.